ಹರಿಕೇನ್ ಬಂದಾಗ ಕಿಟಕಿ ತೆರೆದಿಡಬೇಕೆ?

ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಬಹುಕಾಲ ಉಳಿದುಬಂದ ಒಂದು ನಂಬಿಕೆಯಿದೆ. ಹರಿಕೇನ್ ಅಪ್ಪಳಿಸುವ ಹೊತ್ತಿಗೆ, ಗಾಳಿಗೆ ಬೆನ್ನು ಮಾಡಿದ ಬದಿಯ ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕಂತೆ. ಇಲ್ಲದಿದ್ದರೆ ಹೊರಗೆ ವಾಯುಭಾರ ಕುಸಿದು, ಒಳಗಿನ ಗಾಳಿ ಹಿಗ್ಗಿ, ಮನೆಯೇ ಸಿಡಿದುಹೋಗುತ್ತದಂತೆ! ಕೇಳಲು ಪಠ್ಯಪುಸ್ತಕದ ಮಾತಿನಂತೆಯೇ ಇದೆ. ಆದರೆ ತಪ್ಪು. ಯಾವ ಮನೆಯೂ ಬಿರಡೆ ಹಾಕಿದ ಬಾಟಲಿಯಲ್ಲ. ಬಾಗಿಲಿನ ಸಂದು, ಮಾಡಿನ ಬಿರುಕುಗಳಲ್ಲಿ ಗಾಳಿ ಹರಿದು ಒಳಹೊರಗಿನ ಒತ್ತಡ ತಾನಾಗಿಯೇ ಸಮವಾಗುತ್ತಿರುತ್ತದೆ.

ಮನೆಗೆ ನಿಜವಾದ ಅಪಾಯ ಗಾಳಿಯ ತಳ್ಳುಬಲದ್ದು. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರ್ ಗೋಡೆಯನ್ನು ಸುಮಾರು 48 ಕಿಲೋ ಭಾರದಷ್ಟು ಒತ್ತಿದರೆ, 200 ಕಿ.ಮೀ. ವೇಗದ ಗಾಳಿ ಒತ್ತುವುದು 96 ಕಿಲೋ ಅಲ್ಲ, 190 ಕಿಲೋಗೂ ಹೆಚ್ಚು. ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸುಮಾರು 10 ಚದರ ಮೀಟರ್. ಅದರ ಮೇಲೆ ಬೀಳುವ ಭಾರವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಬಹುದು.

ಈ ಬಾಗಿಲೋ ಒಂದು ಕಿಟಕಿಯೋ ಒಡೆದರೆ ಗಾಳಿ ಒಳನುಗ್ಗಿ ಮಾಡನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಅದೇ ಹೊತ್ತಿಗೆ ಮಾಡಿನ ಮೇಲೆ ರಭಸದಿಂದ ಹಾಯುವ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ. ಎರಡೂ ಸೇರಿದರೆ ಮಾಡು ಎದ್ದುಹೋಗುತ್ತದೆ, ಆಧಾರ ತಪ್ಪಿದ ಗೋಡೆಗಳು ಕುಸಿಯುತ್ತವೆ. 1992ರ ಆಗಸ್ಟ್ 24ರ ಮುಂಜಾನೆ ದಕ್ಷಿಣ ಫ್ಲಾರಿಡಾದ ಹೋಮ್‌ಸ್ಟೆಡ್ ಪ್ರದೇಶಕ್ಕೆ ‘ಆಂಡ್ರ್ಯೂ’ ಹರಿಕೇನ್ ಗಂಟೆಗೆ ಸುಮಾರು 265 ಕಿ.ಮೀ. ವೇಗದಲ್ಲಿ ಬಡಿದಾಗ ಎಷ್ಟೋ ಮನೆಗಳಿಗೆ ಆದದ್ದು ಇದೇ. 60 ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದವು. ಮಾಡಿನ ಹಲಗೆಗಳಿಗೆ ಸರಿಯಾಗಿ ಮೊಳೆ ಹೊಡೆಯದ ಮನೆಗಳೂ ಅವುಗಳಲ್ಲಿದ್ದವು. ಈ ಪಾಠದಿಂದಲೇ ಅಲ್ಲಿ ಕಟ್ಟಡ ನಿಯಮಗಳು ಬಿಗಿಯಾದವು. 2002ರಿಂದ ಇಡೀ ರಾಜ್ಯಕ್ಕೆ ಒಂದೇ ಸಂಹಿತೆ ಬಂತು.

ಆದ್ದರಿಂದ ಮೊದಲ ಸಿದ್ಧತೆ ಎಂದರೆ ಎಲ್ಲ ಬದಿಯ ಕಿಟಕಿಗಳನ್ನೂ ಮುಚ್ಚಿ ಭದ್ರಪಡಿಸುವುದು. ಲೋಹದ ಷಟರ್ ಇಲ್ಲದವರು ದಪ್ಪ ಪ್ಲೈವುಡ್ ಹಲಗೆಗಳನ್ನು ಅಳತೆಗೆ ಕೊಯ್ದು, ಯಾವುದು ಯಾವ ಕಿಟಕಿಗೆಂದು ಗುರುತು ಬರೆದು, ಹರಿಕೇನ್ ಋತು ಆರಂಭವಾಗುವ ಜೂನ್‌ಗೆ ಮೊದಲೇ ಇಟ್ಟುಕೊಳ್ಳುವುದು ಜಾಣತನ. ಮುನ್ಸೂಚನೆ ಬಂದ ಮೇಲೆ ಅಂಗಡಿಗಳ ಮುಂದೆ ಸರದಿ ಬೆಳೆಯುತ್ತದೆ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದು ಬರೀ ಸಮಾಧಾನ. ಅದು ಗಾಜನ್ನು ಉಳಿಸುವುದಿಲ್ಲ, ಒಡೆದಾಗ ಚೂರುಗಳು ಇನ್ನೂ ದೊಡ್ಡದಾಗಬಹುದು. ಅಂಗಳದ ಕುರ್ಚಿ, ಹೂಕುಂಡಗಳು ಒಳಗೆ ಬರಬೇಕು. ಗಾಳಿಯಲ್ಲಿ ಅವೇ ಫಿರಂಗಿ ಗುಂಡುಗಳು.

ಇಷ್ಟೆಲ್ಲ ಗಾಳಿಯ ಮಾತು. ಸಮುದ್ರದ ನೀರು ಉಕ್ಕಿ ಬರುವ ತಗ್ಗು ಪ್ರದೇಶದಲ್ಲಿ ಮನೆಯಿದ್ದು, ತೆರವಿನ ಆದೇಶ ಬಂದರೆ ಯಾವ ಹಲಗೆಯೂ ಕಾಯುವುದಿಲ್ಲ. ಹೊರಟುಬಿಡಬೇಕು.

ಉಳಿದವರಿಗೆ ತಲೆಗೆ ಒಬ್ಬರಂತೆ ದಿನಕ್ಕೆ 4 ಲೀಟರ್ ನೀರು, ಕೆಲವು ದಿನಗಳಿಗೆ ಆಗುವಷ್ಟು ಬೇಕು. ಬೇಯಿಸಬೇಕಾಗಿಲ್ಲದ ಆಹಾರ, ಔಷಧಿ, ಟಾರ್ಚು, ಬ್ಯಾಟರಿ ರೇಡಿಯೊ ಕೈಗೆಟಕುವಂತಿರಬೇಕು. ಆಂಡ್ರ್ಯೂ ರಾತ್ರಿ ಮಯಾಮಿಯ ಹವಾಮಾನ ತಜ್ಞ ಬ್ರಯಾನ್ ನಾರ್ಕ್ರಾಸ್ ಗಂಟೆಗಟ್ಟಲೆ ಮಾತನಾಡುತ್ತ, ಕಿಟಕಿಯಿಲ್ಲದ ಒಳಕೋಣೆಗೆ ಸೇರಿ ಹಾಸಿಗೆಯನ್ನು ಮೇಲೆ ಹೊದೆದುಕೊಳ್ಳಿ ಎಂದು ತಿಳಿಸಿದರು. ಕರೆಂಟು ಹೋದ ಮನೆಗಳಲ್ಲಿ ಅನೇಕರು ಆ ಧ್ವನಿಯನ್ನು ರೇಡಿಯೊದಲ್ಲೇ ಕೇಳಿ ಪಾಲಿಸಿದರು.

ಒಮ್ಮೆಲೇ ಗಾಳಿ ನಿಂತರೆ ಮಕ್ಕಳು ಹೊರಗೆ ಓಡದಂತೆ ತಾಯಿತಂದೆಯರು ತಡೆಯಬೇಕು. ಅದು ಹರಿಕೇನಿನ ‘ಕಣ್ಣು’ ಹಾದುಹೋಗುವ ಹೊತ್ತು. ಸ್ವಲ್ಪ ಸಮಯದಲ್ಲೇ ಗಾಳಿ ವಿರುದ್ಧ ದಿಕ್ಕಿನಿಂದ ಮರಳುತ್ತದೆ. ಆಗ ಬೆನ್ನ ಬದಿಯಲ್ಲಿ ತೆರೆದಿಟ್ಟ ಆ ಕಿಟಕಿ ಗಾಳಿಗೆ ಎದುರಾಗಿ ನಿಂತಿರುತ್ತದೆ!

ಹರಿಕೇನ್ ದಾಟಿದ ಮೇಲೆಯೂ ಒಂದು ಎಚ್ಚರಿಕೆ ಉಳಿಯಿತು. ಕರೆಂಟಿಲ್ಲದೆ ಫ್ರಿಜ್ಜು ನಾಲ್ಕು ಗಂಟೆ ತಣ್ಣಗಿರುತ್ತದೆ, ಅದೂ ಬಾಗಿಲು ತೆರೆಯದಿದ್ದರೆ. ಆ ಅವಸರದಲ್ಲಿ ಜನರೇಟರನ್ನು ಗ್ಯಾರೇಜಿನಲ್ಲೋ ಕಿಟಕಿಯ ಪಕ್ಕದಲ್ಲೋ ಹಚ್ಚುವವರಿದ್ದಾರೆ. 2020ರಲ್ಲಿ ಲೂಯಿಸಿಯಾನಾದಲ್ಲಿ ‘ಲಾರಾ’ ಹರಿಕೇನಿನಿಂದ ಪಾರಾದ ಹಲವರು ಬಳಿಕ ಸತ್ತದ್ದು ಜನರೇಟರ್ ಹೊಗೆಯ ಕಾರ್ಬನ್ ಮಾನಾಕ್ಸೈಡಿನಿಂದ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಬಯಲಿನಲ್ಲಿರಬೇಕು.