ಕಂಡವರ ದೂರಿನಿಂದ ಶಿಕ್ಷೆಯಾಗಬಲ್ಲದೆ?

ಅಡ್ಡಾದಿಡ್ಡಿಯಾಗಿ ವಾಹನ ನಡೆಸುವವರನ್ನು ಕಂಡು ಶಪಿಸದವರು ನಮ್ಮಲ್ಲಿ ವಿರಳ. ಕೆಲವರು ವಾಹನದ ನಂಬರನ್ನು ಗುರುತುಮಾಡಿಕೊಂಡು ಪೊಲೀಸರಿಗೆ ತಿಳಿಸುವುದೂ ಉಂಟು. ಬೆಂಗಳೂರಿನಲ್ಲಿ 2015ರಲ್ಲಿ ಇದಕ್ಕಾಗಿಯೇ ‘ಪಬ್ಲಿಕ್ ಐ’ ಎಂಬ ಮೊಬೈಲ್ ಆ್ಯಪ್ ಬಂದಿತು. ಆದರೆ ಹೀಗೆ ಸಾರ್ವಜನಿಕರು ಕೊಟ್ಟ ದೂರಿನಿಂದ ತಪ್ಪಿತಸ್ಥನಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಗಬಲ್ಲದೆ? ಆಗಬಲ್ಲದೆಂದೇ ನನ್ನ ಅಭಿಪ್ರಾಯ. ದೂರು ಕೊಟ್ಟವನು ಸಾಕ್ಷಿಯಾಗಿ ನಿಲ್ಲಲು ಸಿದ್ಧನಿರಬೇಕು, ಅಷ್ಟೆ.

ಕಾನೂನಿಗೇನೂ ಕೊರತೆಯಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 184ನೆಯ ಪ್ರಕರಣವು ಅಪಾಯಕರ ಚಾಲನೆಯನ್ನು ಅಪರಾಧವೆಂದು ಸಾರುತ್ತದೆ. ಕೆಂಪು ದೀಪ ಲೆಕ್ಕಿಸದೆ ನುಗ್ಗುವುದು, ಎದುರು ದಿಕ್ಕಿನಲ್ಲಿ ಬರುವುದು ಮೊದಲಾದವನ್ನು 2019ರ ತಿದ್ದುಪಡಿ ಅದರಲ್ಲಿ ಹೆಸರಿಸಿಯೇ ಸೇರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಪ್ರಕರಣದಂತೆ ದುಡುಕಿನ ಚಾಲನೆಗೆ ಆರು ತಿಂಗಳವರೆಗೆ ಕಾರಾಗೃಹವಾಸ, ಸಾವಿರ ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಎರಡೂ ಉಂಟು.

ತೊಡಕಿರುವುದು ರುಜುವಾತಿನಲ್ಲಿ. ಲಾರಿಯೊಂದು ಮಗುಚಿ ಜನ ಸತ್ತ ಮೊಕದ್ದಮೆಯೊಂದರಲ್ಲಿ ಕರ್ನಾಟಕ ಸರ್ಕಾರವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1998ರಲ್ಲಿ ನ್ಯಾಯಾಲಯವು ಚಾಲಕನ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಲಾರಿ ‘ಅತಿ ವೇಗ’ದಲ್ಲಿತ್ತು ಎಂದರು ಸಾಕ್ಷಿಗಳು, ಅತಿ ವೇಗವೆಂದರೆ ಎಷ್ಟೆಂದು ಸುಮಾರಾಗಿಯಾದರೂ ಯಾರೂ ಹೇಳಲಿಲ್ಲ. ವೇಗವೊಂದರಿಂದಲೇ ದುಡುಕು ಸಿದ್ಧವಾಗದೆಂಬುದು ಆ ತೀರ್ಪಿನ ಸಾರ. ಅಷ್ಟು ಜನರ ಸಾವೇ ಎದುರಿಗಿದ್ದಾಗಲೂ ಗುಣವಾಚಕದ ಬಲದಿಂದ ಶಿಕ್ಷೆ ದೊರೆಯಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಇನ್ನೊಂದು ತೊಡಕು, ನಂಬರು ವಾಹನವನ್ನು ತೋರಿಸುತ್ತದೆಯೇ ಹೊರತು ಚಾಲಕನನ್ನು ತೋರಿಸುವುದಿಲ್ಲ. ಚಾಲಕನಾರೆಂದು ಪೊಲೀಸರು ಕೇಳಿದಾಗ ತಿಳಿಸುವ ಹೊಣೆಯನ್ನು 133ನೆಯ ಪ್ರಕರಣ ಮಾಲೀಕನ ಮೇಲೆ ಹೊರಿಸಿದೆ. ಫೋನಿನಲ್ಲಿ ತೆಗೆದ ಚಿತ್ರದ ಪ್ರತಿಯನ್ನು ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಮಾಣಪತ್ರ ಜೊತೆಗಿರಬೇಕು.

ಇಷ್ಟೊಂದು ಬಿಗಿ ಏಕೆ ಎಂದು ಮಿತ್ರರು ಕೇಳಬಹುದು. ನೆರೆಮನೆಯವನ ಮೇಲಿನ ಹಗೆಯಿಂದಲೂ ದೂರು ಬರೆಯಬಹುದಲ್ಲವೆ? ಪಾಟೀಸವಾಲಿಗೆ ನಿಲ್ಲದ ಮಾತಿನಿಂದ ಒಬ್ಬನನ್ನು ಸೆರೆಗೆ ಕಳುಹಿಸುವ ನಾಡಿನಲ್ಲಿ ಒಳ್ಳೆಯ ಚಾಲಕನಿಗೂ ರಕ್ಷಣೆಯಿರದು. ದಂಡದ ನೋಟೀಸಿನ ದಾರಿ ಸುಲಭವೇನೋ ಹೌದು. ಆದರೆ ಹಣ ಕಟ್ಟಿ ರಾಜಿಯಾದೊಡನೆ ವಿಷಯ ಮುಗಿಯಿತು, ಅಪರಾಧ ನಿರ್ಣಯವಾಗಲಿಲ್ಲ. ಉಳ್ಳವನಿಗೆ ಅದು ರಸ್ತೆಯ ಸುಂಕದಂತೆ.

ಆದ್ದರಿಂದ ದೂರು ಕೊಡುವವನು ‘ಹುಚ್ಚನಂತೆ ಓಡಿಸಿದ’ ಎಂದು ಬರೆದು ತೃಪ್ತನಾಗಬಾರದು. ಸ್ಥಳ, ವೇಳೆ, ದೀಪದ ಬಣ್ಣ, ವಾಹನ ಹೊರಳಿದ ಬದಿ, ಅಂಜಿ ಹಿಂದೆ ಸರಿದ ಪಾದಚಾರಿಗಳು, ಇವನ್ನು ಅಂದೇ ಬರೆದಿಡಬೇಕು. ಕರೆ ಬಂದ ದಿನ ಕೋರ್ಟಿಗೆ ಹೋಗಬೇಕು. ಸರ್ಕಾರವೂ ಸಾಕ್ಷಿಗಳನ್ನು ವಾಯಿದೆಯ ಮೇಲೆ ವಾಯಿದೆಗೆ ಅಲೆದಾಡಿಸದೆ, ಬಂದ ದಿನವೇ ಅವರ ಹೇಳಿಕೆಯನ್ನು ಮುಗಿಸಿಕೊಡಬೇಕು. ಕಾಲೇಜಿಗೆ ನಡೆದು ಬರುವ ನಮ್ಮಂಥವರ ಪ್ರಾಣ ಪೊಲೀಸರೊಬ್ಬರ ಕಣ್ಣನ್ನೇ ನಂಬಿ ಉಳಿಯಲಾರದು. ಕಂಡದ್ದನ್ನು ಕಟಕಟೆಯಲ್ಲಿ ನಿಂತು ಹೇಳುವ ಒಂದು ದಿನದ ಶ್ರಮವೂ ನಾಗರಿಕನ ಕರ್ತವ್ಯಗಳಲ್ಲಿ ಒಂದು.