ಇಳಿಯಲು ಜಾಗ ಇಲ್ಲದ ವಿಮಾನ

'ಆಕ್ಸಿಸ್ ಆ್ಯಂಡ್ ಅಲೈಸ್' ಆಡುವ ನಮ್ಮ ಗುಂಪಿನಲ್ಲಿ ಈಗ ಎರಡು ಪಕ್ಷಗಳಾಗಿವೆ. ವಿಮಾನ ಎಲ್ಲಾದರೂ ಇಳಿಯಲೇಬೇಕು ಎಂಬ ನಿಯಮವನ್ನು ಬಿಟ್ಟರೆ ಆಟ ಬೇಗ ಮುಗಿಯುತ್ತದೆ ಎಂಬುದು ಬೆಳ್ತಂಗಡಿ, ಮೂಡುಬಿದಿರೆ ಬಸ್ಸು ಹಿಡಿಯುವ ಗೆಳೆಯರ ವಾದ. ಬಂಟ್ವಾಳದಲ್ಲೇ ಮನೆ ಇರುವ ನನಗೆ ಬಸ್ಸಿನ ಅವಸರವಿಲ್ಲ ನಿಜ. ಆದರೆ ಆ ನಿಯಮ ಇರಲೇಬೇಕು ಎನ್ನಲು ನನ್ನ ಕಾರಣ ಅದಲ್ಲ.

ಆಡದವರಿಗಾಗಿ ಹೇಳುತ್ತೇನೆ. ಇದು ಎರಡನೇ ಮಹಾಯುದ್ಧದ ಬೋರ್ಡ್ ಗೇಮ್. ಪ್ರಪಂಚದ ನಕ್ಷೆಯೇ ಬೋರ್ಡು. ನಾವಾಡುವ 1942ರ ಆವೃತ್ತಿಯಲ್ಲಿ ಒಬ್ಬ ಕಾಲಾಳಿಗೆ ಆಟದ ಹಣ 3, ಫೈಟರ್‌ಗೆ 10, ಬಾಂಬರ್‌ಗೆ 12. ಫೈಟರ್ 4 ಮನೆ ಹಾರುತ್ತದೆ, ಬಾಂಬರ್ 6. ಇದು ಹೋಗುವುದಕ್ಕೂ ಬರುವುದಕ್ಕೂ ಸೇರಿದ ಲೆಕ್ಕ. ಮೂರು ಮನೆ ಹೋಗಿ ಕಾದಾಡಿದ ಫೈಟರ್‌ಗೆ ಉಳಿಯುವುದು ಒಂದೇ ಮನೆ. ಅಷ್ಟರೊಳಗೆ ತನ್ನ ಪಕ್ಷದ ನೆಲವೋ, ಜಾಗ ಇರುವ ವಿಮಾನವಾಹಕ ಹಡಗೋ ಸಿಗಬೇಕು. ಅದೇ ಸರದಿಯಲ್ಲಿ ಗೆದ್ದ ನೆಲದಲ್ಲಿ ಇಳಿಯುವ ಹಾಗಿಲ್ಲ.

ದಾಳಿಗೆ ಕಳಿಸುವಾಗಲೇ ಇಳಿಯುವ ದಾರಿ ತೋರಿಸಬೇಕೇ ಎಂಬುದರ ಮೇಲೆಯೇ ಜಗಳ ಹೆಚ್ಚು. ಹೌದು, ತೋರಿಸಬೇಕು. ದಾಳ ನಮ್ಮ ಕಡೆ ಬಿದ್ದರೆ ಮಾತ್ರ ತೆರೆಯುವ ದಾರಿಯಾದರೂ ಪರವಾಗಿಲ್ಲ. ದಾರಿಯೇ ಇಲ್ಲವೆಂದು ಗೊತ್ತಿದ್ದೂ ಕಳಿಸುವಂತಿಲ್ಲ. ಜಪಾನಿನ ಕಾಯಿ ನಡೆಸುವವನಿಗೂ ಆತ್ಮಾಹುತಿ ದಾಳಿಗೆ ಅವಕಾಶವಿಲ್ಲ.

ಇತಿಹಾಸ ಓದಿಕೊಂಡ ಗೆಳೆಯನೊಬ್ಬ 1942ರ ಏಪ್ರಿಲ್ 18ರ ಡೂಲಿಟಲ್ ದಾಳಿಯನ್ನು ಎತ್ತಿದ. ಅಂದು ಹಾರ್ನೆಟ್ ಹಡಗಿನಿಂದ ಜಪಾನಿನ ಮೇಲೆ ಹಾರಿದ 16 ಅಮೆರಿಕನ್ ಬಾಂಬರ್‌ಗಳು ಹಡಗಿಗೆ ಮರಳಲಿಲ್ಲವಲ್ಲ ಎಂದ. ಮರಳಲಿಲ್ಲ, ಸರಿ. ಆದರೆ ಚೀನಾದಲ್ಲಿ ಇಳಿಯುವುದೆಂದು ಮೊದಲೇ ತೀರ್ಮಾನವಾಗಿತ್ತು. ಜಪಾನಿನ ಕಾವಲು ದೋಣಿ ಎದುರಾದ್ದರಿಂದ ಗೊತ್ತುಮಾಡಿದ್ದಕ್ಕಿಂತ ದೂರದಿಂದಲೇ ಹಾರಬೇಕಾಯಿತು, ಇಂಧನ ಸಾಲಲಿಲ್ಲ. 15 ವಿಮಾನ ಹಾಳಾದವು, ಒಂದು ರಷ್ಯಾದಲ್ಲಿ ಇಳಿಯಿತು. ಹಾರಿದ 80 ಜನರಲ್ಲಿ ಹೆಚ್ಚಿನವರು ಬದುಕಿದರು. ಈ ಉದಾಹರಣೆ ನನ್ನ ಪಕ್ಷಕ್ಕೇ ಸೇರಿದ್ದು.

ನಿಯಮ ತೆಗೆದರೆ 12ರ ಬಾಂಬರ್ ಕೊಟ್ಟು 20ರ ಯುದ್ಧನೌಕೆ ಮುಳುಗಿಸುವುದು ಶುದ್ಧ ಲಾಭ. ಕಾಮರ್ಸ್‌ನವನಾಗಿ ಒಪ್ಪುತ್ತೇನೆ, ಲೆಕ್ಕ ತಪ್ಪಿಲ್ಲ. ಆದರೆ ಒಳಗೆ ಕೂತವನನ್ನು ಯಾವ ಖಾತೆಗೆ ಬರೆಯುವುದು? ಗಲ್ಫಿನಿಂದ ಬರುವವರಿಗಾಗಿ ಕಾಯುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಕಾಣದಿದ್ದರೆ ವಿಮಾನ ಬೇರೆ ಊರಿಗೆ ಹೋಗಿ ಇಳಿಯುತ್ತದೆ. ಅದಕ್ಕೆ ಬೇಕಾದ ಇಂಧನ ಹಾಕಿಕೊಂಡೇ ಹೊರಟಿರುತ್ತದೆ.

ಮನೆಗೊಂದು ನಿಯಮ ಇರಬಾರದೆಂದು ನಾನು ಹೇಳುವುದಿಲ್ಲ. ಚೆಸ್ಸಿನಲ್ಲಿ ನಮ್ಮ ಅಬ್ಬಾ ರಾಜನಿಗೆ ಒಂದು ಸಲ ಕುದುರೆ ನಡೆ ಕೊಡುತ್ತಾರೆ. ಒಂಟೆಗೆ ಫೀಲ್, ಅಂದರೆ ಆನೆ ಎನ್ನುತ್ತಾರೆ! ಆದರೆ ಎಲ್ಲವನ್ನೂ ಮೊದಲ ನಡೆಗೆ ಮುಂಚೆಯೇ ಹೇಳಿಬಿಡುತ್ತಾರೆ.

ಬಸ್ಸಿನ ಚಿಂತೆಗೆ ಬೇರೆ ದಾರಿಯಿದೆ. ಐದು ಸುತ್ತಿಗೆ ಆಟ ನಿಲ್ಲಿಸಿ, ಯಾರ ಕೈಯಲ್ಲಿ ಎಷ್ಟು ವಿಕ್ಟರಿ ಸಿಟಿಗಳಿವೆ ಎಂದು ಎಣಿಸೋಣ. ಹಾರಿದ ಪ್ರತಿ ಮನೆಗೂ ವಿಮಾನದ ಪಕ್ಕ ಒಂದು ಹುಣಸೆ ಬೀಜ ಇಟ್ಟರೆ ಎಣಿಕೆಯ ಜಗಳವೂ ಇಲ್ಲ. ಬೀಜ ನಾನು ತರುತ್ತೇನೆ.