ಒಂದೇ ಬೇರು ಸಾಲದು



ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ನೀವು ನೋಡುವ ಹಸಿರಿನ ಬಹುಪಾಲು ವಿಲಾಯತಿ ಕೀಕರ್. ನಮ್ಮ ಕಡೆ ಅದನ್ನು ಬಳ್ಳಾರಿ ಜಾಲಿ ಎನ್ನುತ್ತಾರೆ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕ ಖಂಡದ್ದು. ಬ್ರಿಟಿಷರ ಕಾಲದಲ್ಲಿ ಬಂದು ಅರಾವಳಿಯನ್ನು ಆವರಿಸಿತು. ಈ ಬೆಟ್ಟಗಳ ಸ್ವಂತ ಮರಗಳಲ್ಲಿ ಮುಖ್ಯವಾದದ್ದು ಧೌ. ಕರ್ನಾಟಕದ ಕಾಡುಗಳಲ್ಲಿರುವ ದಿಂಡಿಗ ಮರಕ್ಕೆ ಇದು ಹತ್ತಿರದ ಬಂಧು.

ಈ ಭಾಗದಲ್ಲಿ ಧೌ ದಟ್ಟವಾಗಿ ಉಳಿದಿರುವ ಜಾಗ ಮಾಂಗರ್ ಬನಿ. ಬನಿ ಎಂದರೆ ಕೊಡಗಿನ ದೇವರಕಾಡಿನಂಥದ್ದೇ. ಗುದರಿಯಾ ಬಾಬಾ ಎಂಬ ಸಾಧುವಿನ ಮೇಲಿನ ಭಕ್ತಿಯಿಂದ ಸುತ್ತಲಿನ ಹಳ್ಳಿಯವರು ಇಲ್ಲಿ ಒಂದು ಟೊಂಗೆಯನ್ನೂ ಮುರಿಯದೆ ಕಾಪಾಡಿಕೊಂಡು ಬಂದಿದ್ದಾರೆ. 2016ರಲ್ಲಿ ಹರಿಯಾಣ ಸರ್ಕಾರ 677 ಎಕರೆಯನ್ನು ಬನಿಯೆಂದು ಗುರುತಿಸಿ, ಸುತ್ತಲೂ ಕಟ್ಟಡ ಕಟ್ಟಬಾರದೆಂದು ನಿರ್ಧರಿಸಿತು.

ಹಾಗಾದರೆ ಧೌ ಉಳಿಯಿತು ಎನ್ನಬಹುದೆ? ಮರಗಳನ್ನು ಎಣಿಸಿದಷ್ಟಕ್ಕೆ ಇದು ತಿಳಿಯುವುದಿಲ್ಲ. ಧೌ ಬೇರಿನಿಂದಲೂ ಚಿಗುರಿ ಮರವಾಗುತ್ತದೆ. ಒಂದೇ ಬೇರಿನಿಂದ ಎದ್ದ ಹತ್ತು ಮರಗಳು ನೋಟಕ್ಕೆ ಹತ್ತು, ವಂಶವಾಹಿಗಳ ಲೆಕ್ಕದಲ್ಲಿ ಒಂದೇ.

ಇದರ ಅಪಾಯ ತಿಳಿಯಬೇಕಾದರೆ ಮನೆಯ ಹಿರಿಯರನ್ನು ನಂಜನಗೂಡು ರಸಬಾಳೆಯ ಬಗ್ಗೆ ಕೇಳಿ. ಬಾಳೆಯನ್ನು ಬೆಳೆಸುವುದು ಕಂದಿನಿಂದ. ಆದ್ದರಿಂದ ತೋಟದ ಗಿಡಗಳೆಲ್ಲ ಒಂದರ ಪಡಿಯಚ್ಚು ಇನ್ನೊಂದು. ರೋಗ ತಡೆಯುವ ಶಕ್ತಿ ಒಂದಕ್ಕಿಲ್ಲದಿದ್ದರೆ ಯಾವುದಕ್ಕೂ ಇಲ್ಲ. ಪನಾಮಾ ಸೊರಗು ರೋಗ ತಗುಲಿ ಆ ತೋಟಗಳು ಒಂದರ ಹಿಂದೊಂದು ಹಾಳಾದವು.

ಬೇರೆ ಬೇರೆ ಮರಗಳ ಪರಾಗ ಸೇರಿ ಹುಟ್ಟಿದ ಬೀಜದಲ್ಲಿ ಎರಡರ ಗುಣಗಳೂ ಬೆರೆಯುತ್ತವೆ. ಒಂದು ಸಸಿ ಬರವನ್ನು ತಾಳೀತು, ಇನ್ನೊಂದು ಕೀಟವನ್ನು ತಡೆದೀತು. ಆದರೆ ಧೌ ಕಾಯಿಗಳಲ್ಲಿ ಮೊಳೆಯುವ ಬೀಜವೇ ಬಹಳ ಕಡಿಮೆ. ಅದರ ಮೇಲೆ ಗಣಿ, ರಸ್ತೆ, ಬಡಾವಣೆಗಳು ಕಾಡನ್ನು ತುಂಡು ತುಂಡು ಮಾಡಿದರೆ, ಒಂದು ತುಂಡಿನ ಪರಾಗ ಇನ್ನೊಂದನ್ನು ತಲುಪುವುದು ಕಷ್ಟ. ಚಿಕ್ಕ ಗುಂಪಿನಲ್ಲಿ ಹತ್ತಿರದ ಬಂಧುಗಳೊಳಗೇ ಕೂಡಿಕೆ ನಡೆದು, ತಲೆಮಾರಿನಿಂದ ತಲೆಮಾರಿಗೆ ವೈವಿಧ್ಯ ಸೋರಿಹೋಗುತ್ತದೆ. ಹಾಗೆ ಪೂರ್ತಿ ಅಳಿದುಹೋದ ಗುಣವನ್ನು ಎಷ್ಟು ಸಸಿ ನೆಟ್ಟರೂ ಮರಳಿ ತರಲಾಗದು.

ಗುರು ದ್ರೋಣಾಚಾರ್ಯ ಮೆಟ್ರೊ ನಿಲ್ದಾಣದ ಸಮೀಪದ ಅರಾವಳಿ ಜೀವವೈವಿಧ್ಯ ಉದ್ಯಾನವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು ಹಿಂದೆ ಕಲ್ಲುಗಣಿ. 2010ರಿಂದ ಅಲ್ಲಿ ನಾಗರಿಕರೂ ನಗರಪಾಲಿಕೆಯೂ ಸೇರಿ ಧೌ ಮೊದಲಾದ ಇಲ್ಲಿನ ಮರಗಳನ್ನೇ ಬೆಳೆಸಿದ್ದಾರೆ. ಇಂಥ ಕಡೆ ಸಸಿ ನೆಡಲು ಕರೆ ಬಂದರೆ ಖಂಡಿತ ಹೋಗಿ. ಹೋದಾಗ ಒಂದು ಪ್ರಶ್ನೆ ಕೇಳಿ: "ಈ ಸಸಿಗಳು ಎಷ್ಟು ತಾಯಿಮರಗಳವು?" ಒಂದೇ ಮರದಿಂದ ಸಾವಿರ ಬೀಜ ಆರಿಸುವುದಕ್ಕಿಂತ, ದೂರ ದೂರದ ಐವತ್ತು ಮರಗಳಿಂದ ಇಪ್ಪತ್ತಿಪ್ಪತ್ತು ಆರಿಸುವುದು ಮೇಲು.

ಮಾಂಗರಿಗೆ ಹೋದರೆ ಆ ಊರಿನ ಹಿರಿಯರಿಗೆ ನಮಸ್ಕಾರ ಹೇಳುವುದನ್ನು ಮರೆಯಬೇಡಿ. ಆರಿಸಲು ಮರಗಳನ್ನು ಉಳಿಸಿಕೊಟ್ಟವರು ಅವರು.